ಜನವರಿಯಲ್ಲಿ ಧಾರಾಕಾರ ಮಳೆ! ಎಕ್ಸೆಲ್‌ನಲ್ಲಿ ತಾರೀಕೆಲ್ಲ ಅದಲು ಬದಲು, ಸರಿ ಮಾಡೋದು ಹೇಗೆ?

ಅಡಕೆತೋಟ:
ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಸಿ ಹತ್ತಿರದ ಹಳ್ಳಿ. ಅಪ್ಪ ಅಂಗಳದಲ್ಲಿ ಮಳೆಮಾಪಕ ಇಟ್ಟು ದಿನಾ ಬೆಳಿಗ್ಗೆ ಎಂಟೂವರೆಗೆ ಅಳೆದು ಪುಸ್ತಕದಲ್ಲಿ ಬರೆದಿಡ್ತಾರೆ. 2016ರಿಂದ 2020ರ ತನಕದ್ದನ್ನು ನಾನೇ ಹಳೇ ಕಂಪ್ಯೂಟರ್‌ನಲ್ಲಿ ಟೈಪ್ ಮಾಡಿ, ಊರಿನ ಮಳೆ ಲೆಕ್ಕದ ವಾಟ್ಸಾಪ್ ಗುಂಪಿಗೆ ಕಳಿಸೋಕೆ ಸಿಎಸ್‌ವಿ (ಅಲ್ಪವಿರಾಮ ಹಾಕಿ ಬಿಡಿಸಿದ ಬರೀ ಅಕ್ಷರದ ಫೈಲ್) ಮಾಡಿದ್ದೆ. ಆ ಕಂಪ್ಯೂಟರ್ ಈಗ ಕೆಟ್ಟು ಕೂತಿದೆ. ಭಾವ ಅಮೆರಿಕದಿಂದ ತಂದುಕೊಟ್ಟ ಲ್ಯಾಪ್‌ಟಾಪ್‌ನಲ್ಲಿ ಅದೇ ಫೈಲ್ ತೆರೆದು ಗ್ರಾಫ್ ಹಾಕಿದ್ರೆ ಜನವರಿ 6, 7, 8, 9ಕ್ಕೆ ಜೋರು ಮಳೆ ತೋರಿಸ್ತಿದೆ. ಫೆಬ್ರವರಿ 6, 7, 8, 9ಕ್ಕೂ ಅದೇ ಕಥೆ. ಜುಲೈ 1ರಿಂದ 5 ಮಾತ್ರ ಒಣ ಒಣ! ಜನವರಿಯಲ್ಲಿ ನಾವು ಅಂಗಳದ ತುಂಬ ಅಡಿಕೆ ಹರವಿರ್ತೀವಿ, ಮಳೆ ಬಂದಿದ್ರೆ ಗೊತ್ತಾಗ್ತಿರಲಿಲ್ವಾ? ಇನ್ನು 13ನೇ ತಾರೀಕಿನಿಂದಾಚೆ ಯಾವ ತಿಂಗಳದ್ದೂ ಗ್ರಾಫಿನಲ್ಲಿ ಇಲ್ಲವೇ ಇಲ್ಲ. ಫಾರ್ಮ್ಯಾಟ್ ಸೆಲ್ಸ್‌ಗೆ ಹೋಗಿ ದಿನ-ತಿಂಗಳು-ವರ್ಷ ಅಂತ ಬದಲಿಸಿ ನೋಡಿದೆ, ಏನೂ ಆಗ್ಲಿಲ್ಲ. ಐದು ವರ್ಷದ ಕೆಲಸ ಹಾಳಾಯ್ತಾ?

ಕರಾವಳಿ_ಕಾಗೆ:
ಲ್ಯಾಪ್‌ಟಾಪ್ ಜೊತೆ ಅಲ್ಲಿಯ ಹವಾಮಾನವೂ ಬಂದಿರಬೇಕು ಮಾರಾಯ್ರೆ 😄

ಸೂತ್ರಧಾರ:
ಕಾಗೆ ಅವರು ತಮಾಷೆಗೆ ಹೇಳಿದ್ದು ಮುಕ್ಕಾಲು ಪಾಲು ನಿಜ. ಅಲ್ಲಿಯ ಲ್ಯಾಪ್‌ಟಾಪ್ ಅಂದ್ರೆ ವಿಂಡೋಸ್‌ನ ರೀಜನ್, ಅಂದ್ರೆ ದೇಶದ ಸೆಟ್ಟಿಂಗ್, ಅಮೆರಿಕದ್ದೇ ಇರುತ್ತೆ. ಅವರು ತಿಂಗಳು ಮೊದಲು ಬರೀತಾರೆ. ನಿಮ್ಮ ಸಿಎಸ್‌ವಿಯಲ್ಲಿ 01/07/2019 ಅಂತ ಇದ್ರೆ ನಮಗೆ ಜುಲೈ 1, ಅದಕ್ಕೆ ಜನವರಿ 7. ಅದಕ್ಕೇ ಜೂನ್, ಜುಲೈ, ಆಗಸ್ಟ್, ಸೆಪ್ಟೆಂಬರ್ ಮಳೆಯೆಲ್ಲ ಪ್ರತಿ ತಿಂಗಳ 6, 7, 8, 9ಕ್ಕೆ ಹೋಗಿ ಕೂತಿದೆ. 13/07/2019 ಬಂದಾಗ ಹದಿಮೂರನೇ ತಿಂಗಳು ಅಂತ ಒಂದಿಲ್ಲವಲ್ಲ, ತಾರೀಕು ಅಂತ ಒಪ್ಪದೆ ಸುಮ್ನೆ ಅಕ್ಷರ ಅಂದುಕೊಂಡು ಬಿಟ್ಟಿದೆ. ಕಾಲಮ್ ಅಗಲ ಮಾಡಿ ನೋಡಿ: ನಿಜವಾದ ತಾರೀಕು ಬಲಕ್ಕೆ ಅಂಟಿರುತ್ತೆ, ಅಕ್ಷರ ಎಡಕ್ಕೆ.

ಲೆಕ್ಕ ಹಾಕಿದ್ರೆ ಒಂದು ವರ್ಷದಲ್ಲಿ 132 ದಿನ ತಪ್ಪು ಜಾಗಕ್ಕೆ ಹೋಗುತ್ತೆ, 221 ದಿನ ಅಕ್ಷರವಾಗಿ ಉಳಿಯುತ್ತೆ, 7/7, 8/8 ಥರದ 12 ದಿನ ಮಾತ್ರ ಬಚಾವ್. ಆ 221 ಕಣ್ಣಿಗೆ ಕಾಣುತ್ತೆ, ಹಾಗಾಗಿ ಅದರ ಚಿಂತೆ ಬೇಡ. ಸದ್ದಿಲ್ಲದೆ ಕೆಡಿಸೋದು 132.

ಎರಡು ಪ್ರಶ್ನೆ. ಫಾರ್ಮ್ಯಾಟ್ ಬದಲಿಸಿದ ಮೇಲೆ ಸೇವ್ ಮಾಡಿದ್ರಾ? ಸಾರ್ಟ್ ಏನಾದ್ರೂ ಮಾಡಿದ್ರಾ? ಮಾಡಿಲ್ಲ ಅಂದ್ರೆ ದಯವಿಟ್ಟು ಮಾಡಬೇಡಿ.

ಅಡಕೆತೋಟ:
ಸಾರ್ಟ್ ಮಾಡಿಲ್ಲ ಸರ್. ಸೇವ್ ಮಾಡಿಬಿಟ್ಟೆ 😔 ಈಗ 2019ರ ಮೇ 8ಕ್ಕೆ 168 ಮಿ.ಮೀ. ಅಂತಿದೆ. ಪುಸ್ತಕ ತೆಗೆದು ನೋಡಿದೆ, ಅಪ್ಪ ಬರೆದಿದ್ದು ಹೀಗೆ: "5-8-19 ಸೋಮ. ನಾಗರ ಪಂಚಮಿ. 168. ಹಳ್ಳ ದಾಟಲು ಆಗಲಿಲ್ಲ."

ಸೂತ್ರಧಾರ:
ನೋಡಿ, ನಾಗರ ಪಂಚಮಿ ಮೇ ತಿಂಗಳಿಗೆ ಬಂದುಬಿಟ್ಟಿದೆ. ಆ ಸೇವ್ ಆದ ಫೈಲನ್ನು ಪಕ್ಕಕ್ಕಿಡಿ, ಅಳಿಸಬೇಡಿ. ಎಕ್ಸೆಲ್‌ಗೆ ತಾರೀಕು ಅಂದ್ರೆ ಒಂದು ನಂಬರ್ ಅಷ್ಟೇ. 1900ರ ಜನವರಿ 1 ಅಂದ್ರೆ 1, ನಿಮ್ಮ ನಾಗರ ಪಂಚಮಿ 43682. ಅದರ ಬದಲು ಮೇ 8ರ 43593 ಒಳಗೆ ಕೂತಿದೆ. ಫಾರ್ಮ್ಯಾಟ್ ಸೆಲ್ಸ್ ಬದಲಿಸೋದು ಅಂಗಿ ಬದಲಿಸಿದ ಹಾಗೆ, ಒಳಗಿನ ನಂಬರ್ ಅದೇ ಇರುತ್ತೆ. ಆದ್ರೆ ಸಿಎಸ್‌ವಿಗೆ ಸೇವ್ ಆಗೋದು ಆ ಅಂಗಿ ಮಾತ್ರ, ಅಂದ್ರೆ ಈಗ ನಿಮ್ಮ ಫೈಲಲ್ಲಿ ನಿಜವಾಗಿಯೂ 08-05-2019 ಅಂತ ಅಚ್ಚಾಗಿದೆ. ವಾಟ್ಸಾಪ್ ಗುಂಪಿಗೆ ಮೊದಲು ಕಳಿಸಿದ್ದು ಇನ್ನೂ ಇದೆಯಾ?

ಅಡಕೆತೋಟ:
ಇದೆ ಇದೆ! ಈಗಷ್ಟೇ ಇಳಿಸಿಕೊಂಡೆ.

ಸೂತ್ರಧಾರ:
ಹಾಗಾದ್ರೆ ಗೆದ್ದ್ರಿ. ಡಬಲ್ ಕ್ಲಿಕ್ ಮಾಡಿ ಮಾತ್ರ ತೆರೀಬೇಡಿ, ಅನಾಹುತ ಆಗೋದೇ ಅಲ್ಲಿ. ಖಾಲಿ ಎಕ್ಸೆಲ್ ತೆರೆದು ಡೇಟಾ ಮೆನುವಿನಲ್ಲಿ ಫ್ರಮ್ ಟೆಕ್ಸ್ಟ್/ಸಿಎಸ್‌ವಿ ಒತ್ತಿ, ಫೈಲ್ ಆರಿಸಿ. ಬರೋ ಕಿಟಕಿಯಲ್ಲಿ ಡೇಟಾ ಟೈಪ್ ಡಿಟೆಕ್ಷನ್ ಅಂತಿರುತ್ತೆ, ಅಲ್ಲಿ "ಡು ನಾಟ್ ಡಿಟೆಕ್ಟ್" ಇಡಿ. ಆಮೇಲೆ ಟ್ರಾನ್ಸ್‌ಫಾರ್ಮ್ ಡೇಟಾ. ಮೊದಲ ಸಾಲು ಹೆಡರ್ ಆಗದಿದ್ರೆ ಹೆಡರ್ ಮಾಡ್ಕೊಳ್ಳಿ. ತಾರೀಕಿನ ಕಾಲಮ್ ಮೇಲೆ ರೈಟ್ ಕ್ಲಿಕ್, ಚೇಂಜ್ ಟೈಪ್, ಯೂಸಿಂಗ್ ಲೊಕೇಲ್ (ಯಾವ ದೇಶದ ಕ್ರಮದಲ್ಲಿ ಓದಬೇಕು ಅನ್ನೋದು), ಟೈಪ್ ಡೇಟ್, ಲೊಕೇಲ್ ಇಂಗ್ಲಿಷ್ ಇಂಡಿಯಾ. ಕ್ಲೋಸ್ ಅಂಡ್ ಲೋಡ್. ಮುಗೀತು.

ಹಳೇ ಫೈಲ್ ಸಿಗದೆ ಇದ್ದಿದ್ರೆ ಪಕ್ಕದ ಕಾಲಮ್‌ನಲ್ಲಿ ಡೇಟ್ ಫಾರ್ಮುಲಾ ಹಾಕಿ, ತಿಂಗಳಿನ ಜಾಗಕ್ಕೆ ದಿನ, ದಿನದ ಜಾಗಕ್ಕೆ ತಿಂಗಳು ಕೊಟ್ಟು ತಿರುಗಿಸಬೇಕಿತ್ತು. ಅದೂ ಬಲಕ್ಕೆ ಅಂಟಿದ ಸಾಲುಗಳಿಗೆ ಮಾತ್ರ. ತಲೆನೋವಿನ ಕೆಲಸ.

ಬವೇರಿಯಾ_ಬೆಳ್ತಂಗಡಿ:
ನಾನಿರೋದು ಜರ್ಮನಿಯಲ್ಲಿ. ಇಲ್ಲಿ ದಿನವೇ ಮೊದಲು, ನಡುವೆ ಚುಕ್ಕಿ: 05.08.2019. ಚುಕ್ಕಿ ಕಂಡರೆ ದಿನ ಮೊದಲು ಅಂತ ಗೊತ್ತಾಗುತ್ತೆ, ಗೊಂದಲ ಕಡಿಮೆ. ಓರೆಗೆರೆ (/) ಇದ್ರೆ ಮಾತ್ರ ದೇವರೇ ಗತಿ. ಅಮೆರಿಕದ ಸಹೋದ್ಯೋಗಿ ಒಬ್ಬರು 03/04ಕ್ಕೆ ಮೀಟಿಂಗ್ ಅಂದಾಗ ನಾನು ಒಂದು ತಿಂಗಳು ನಿಶ್ಚಿಂತೆಯಾಗಿದ್ದೆ, ಮಾರ್ಚ್ 4ರ ಸಂಜೆ ಫೋನ್ ಬಂತು 😅 ಚೀನಾ, ಜಪಾನ್, ಕೊರಿಯಾದವರು ವರ್ಷ, ತಿಂಗಳು, ದಿನ ಅಂತ ದೊಡ್ಡದರಿಂದ ಚಿಕ್ಕದಕ್ಕೆ ಬರೀತಾರೆ. ಹಂಗೇರಿಯವರೂ ಹಾಗೇ. 1988ರಲ್ಲಿ ಬಂದ ಐಎಸ್‌ಒ 8601, ಅಂದ್ರೆ ತಾರೀಕು ಬರೆಯೋ ಅಂತರರಾಷ್ಟ್ರೀಯ ಮಾನದಂಡ ಕೂಡ ಅದನ್ನೇ ಹೇಳೋದು, 2019-08-05.

ಚಿಟ್ಟೆಬಲೆ:
ಕೀಟ ಸಂಗ್ರಹ ಮಾಡೋರು ಇದಕ್ಕೆ ಯಾವತ್ತೋ ದಾರಿ ಹುಡುಕಿದ್ದಾರೆ. ಲೇಬಲ್‌ನಲ್ಲಿ ತಿಂಗಳನ್ನು ರೋಮನ್ ಅಂಕಿಯಲ್ಲಿ ಬರೀತಾರೆ, ನಡುವೆ ಎಂಟರ ರೋಮನ್ ಅಂಕಿ ಇದ್ರೆ ಅದು ಆಗಸ್ಟ್, ಯಾವ ದೇಶದವರು ಓದಿದ್ರೂ ಆಗಸ್ಟೇ. ಅಂಗುಲದಷ್ಟೂ ಇಲ್ಲದ ಚೀಟಿ, ಜಾಗವೂ ಉಳೀತು. ಎಕ್ಸೆಲ್‌ಗೆ ಮಾತ್ರ ಅದು ಅರ್ಥ ಆಗೋದಿಲ್ಲ.

ಕರಾವಳಿ_ಕಾಗೆ:
ದೊಡ್ಡದರಿಂದ ಚಿಕ್ಕದಕ್ಕೆ ಅಂದ್ರಲ್ಲ, ನಮ್ಮ ಭಟ್ಟರ ಸಂಕಲ್ಪ ನೆನಪಾಯ್ತು. ಆ ನಾಗರ ಪಂಚಮಿ ದಿನ ಏನು ಹೇಳಿರ್ತಾರೆ? ವಿಕಾರಿ ನಾಮ ಸಂವತ್ಸರೇ, ದಕ್ಷಿಣಾಯನೇ, ವರ್ಷ ಋತೌ, ಶ್ರಾವಣ ಮಾಸೇ, ಶುಕ್ಲ ಪಕ್ಷೇ, ಪಂಚಮ್ಯಾಂ ತಿಥೌ. ವರ್ಷದಿಂದ ಶುರುವಾಗಿ ದಿನಕ್ಕೆ ಇಳಿಯೋದು. ಭಟ್ಟರು ಐಎಸ್‌ಒ ಪ್ರಕಾರವೇ ಇದ್ದಾರೆ ಮಾರಾಯ್ರೆ.

ಸೂತ್ರಧಾರ:
ಭಟ್ಟರಷ್ಟೇ ಅಲ್ಲ, ನಾವೂ ಹಾಗೇ. ಬಾಯಲ್ಲಿ ಹೇಳುವಾಗ "2019ರ ಆಗಸ್ಟ್ 5" ಅಂತೀವಿ, ವರ್ಷ ಮೊದಲು, ದಿನ ಕೊನೆಗೆ. ಪೆನ್ ಹಿಡಿದು ಅಂಕಿಯಲ್ಲಿ ಬರೆಯೋಕೆ ಕೂತ ಕೂಡಲೇ ತಿರುಗಿಸಿ 5-8-19 ಅಂತ ಬರೀತೀವಿ. ಹೇಳಿದ ಹಾಗೇ ಬರೆದಿದ್ರೆ ಈ ಪ್ರಶ್ನೆಯೇ ಬರ್ತಿರಲಿಲ್ಲ. ಫೈಲ್ ಹೆಸರಿಗೆ ಅಂತೂ ಬೇರೆ ಕ್ರಮ ಬಳಸಲೇಬೇಡಿ, ವರ್ಷ ಮೊದಲಿದ್ರೆ ಹೆಸರಿನ ಪ್ರಕಾರ ಜೋಡಿಸಿದಾಗ ತಾರೀಕಿನ ಪ್ರಕಾರ ತಾನಾಗೇ ಕೂತ್ಕೊಳ್ಳುತ್ತೆ.

ಅಡಕೆತೋಟ:
ಸರ್, 2016ರಿಂದ 2020 ಎಲ್ಲ ಸರಿ ಬಂತು, ಆಗಸ್ಟ್ 5 ಅದರ ಜಾಗಕ್ಕೆ ಬಂದು ಕೂತಿದೆ! ಆದ್ರೆ 2021ರ ಫೈಲಿಗೆ ಅದೇ ಥರ ಮಾಡಿದ್ರೆ ಉಲ್ಟಾ ಹೊಡೀತಿದೆ, ಅರ್ಧಕ್ಕಿಂತ ಜಾಸ್ತಿ ಸಾಲಿಗೆ ಎರರ್. ಅದನ್ನು ಟೈಪ್ ಮಾಡಿದ್ದು ನ್ಯೂಜೆರ್ಸಿಯಲ್ಲಿರೋ ತಂಗಿ, ನಾನು ಪುಸ್ತಕದ ಫೋಟೋ ಕಳಿಸಿದ್ದೆ.

ಸೂತ್ರಧಾರ:
ಉತ್ತರ ನೀವೇ ಹೇಳಿಬಿಟ್ರಿ. ಆ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು 7/13/2021 ಥರದ ಸಾಲು ಇದೆಯಾ ನೋಡಿ. ಎರಡನೇ ಅಂಕಿ 12 ದಾಟಿದ್ರೆ ತಿಂಗಳು ಮೊದಲು ಅಂತ ಅರ್ಥ. ಆ ಒಂದು ಫೈಲಿಗೆ ಲೊಕೇಲ್ ಇಂಗ್ಲಿಷ್ ಯುನೈಟೆಡ್ ಸ್ಟೇಟ್ಸ್ ಕೊಡಿ, ಆಮೇಲೆ ಎರಡನ್ನೂ ಸೇರಿಸಿ. ತಂಗಿಗೆ ಬೈಬೇಡಿ, ಅವರ ಕಂಪ್ಯೂಟರ್‌ಗೆ ಅದೇ ಸರಿ.

ನಿಮ್ಮಪ್ಪ ವಾರದ ಹೆಸರು ಬರೆದಿದ್ದಾರಲ್ಲ, ಅದು ಚಿನ್ನ. ಅದನ್ನೂ ಒಂದು ಕಾಲಮ್ ಮಾಡಿ ಎಕ್ಸೆಲ್ ಹೇಳೋ ವಾರದ ಜೊತೆ ತಾಳೆ ನೋಡಿ. 2019ರ ಆಗಸ್ಟ್ 5 ಸೋಮವಾರ, ಮೇ 8 ಬುಧವಾರ, ತಪ್ಪು ಕೂಡಲೇ ಸಿಕ್ಕಿಬೀಳುತ್ತೆ. ಕೆಲವು ಕಡೆ ಮಾತ್ರ ಇದು ಕೈಕೊಡುತ್ತೆ. ಮೇ 9 ಮತ್ತು ಸೆಪ್ಟೆಂಬರ್ 5 ಯಾವ ವರ್ಷವಾದ್ರೂ ಒಂದೇ ವಾರ ಬರುತ್ತೆ, ಜುಲೈ 11 ಮತ್ತು ನವೆಂಬರ್ 7 ಕೂಡ. ಅಂಥ ಕಡೆ ಹಿಂದಿನ, ಮುಂದಿನ ಸಾಲು ನೋಡಿ ತೀರ್ಮಾನ ಮಾಡಿ. ಸಾರ್ಟ್ ಮಾಡಬೇಡಿ ಅಂದಿದ್ದು ಇದಕ್ಕೇ.

ಹಾಗೇ ಸೆಟ್ಟಿಂಗ್ಸ್‌ನಲ್ಲಿ ಟೈಮ್ ಅಂಡ್ ಲ್ಯಾಂಗ್ವೇಜ್ ಒಳಗೆ ರೀಜನಲ್ ಫಾರ್ಮ್ಯಾಟನ್ನು ಇಂಗ್ಲಿಷ್ ಇಂಡಿಯಾ ಮಾಡಿಕೊಳ್ಳಿ.

ಅಡಕೆತೋಟ:
2021ನೂ ಬಂತು ಸರ್, ತುಂಬ ಉಪಕಾರ ಆಯ್ತು. ಆರು ವರ್ಷದ್ದು ಸೇರಿಸಿದ ಮೇಲೆ ಒಂದೇ ಒಂದು ಸಾಲಿಗೆ ಎರರ್ ಉಳ್ಕೊಂಡಿದೆ, ಯಾವ ಲೊಕೇಲ್ ಕೊಟ್ರೂ ಹೋಗ್ತಿಲ್ಲ. ನನ್ನ ಟೈಪಿಂಗ್ ತಪ್ಪು ಅಂದುಕೊಂಡು ಪುಸ್ತಕ ತೆಗೆದ್ರೆ ಅಪ್ಪನ ಕೈಬರಹದಲ್ಲೇ ದುಂಡಗೆ "31-9-18 ಸೋಮ" ಅಂತಿದೆ! ಸೆಪ್ಟೆಂಬರ್‌ಗೆ ಮೂವತ್ತೊಂದು ಎಲ್ಲಿಂದ ಬಂತಪ್ಪ ಅಂತ ಕೇಳಿದೆ. ಕನ್ನಡಕ ಹಾಕಿ ನೋಡಿ, "ತಾರೀಕು ಗೊತ್ತಿಲ್ಲ, ಮಳೆಯಂತೂ ಬಂದಿತ್ತು" ಅಂದರು.

ಸೂತ್ರಧಾರ:
2018ರ ಅಕ್ಟೋಬರ್ 1 ಸೋಮವಾರ. ಮುಂದಿನ ಸಾಲು "2-10-18 ಮಂಗಳ" ಅಂತ ಇದ್ರೆ ಕಣ್ಣು ಮುಚ್ಚಿ ಅಕ್ಟೋಬರ್ 1 ಅಂತ ಹಾಕಿ.

ಅಡಕೆತೋಟ:
ಹೌದು ಸರ್, ಮುಂದಿನದು ಮಂಗಳವೇ. ಹಾಕಿದೆ.