ದೀಕ್ಷಾಸ್ನಾನ ಒಂದೇ ಅಂದಮೇಲೆ ಪ್ರಸಾದ ಯಾಕೆ ಬೇರೆ?

ಪ್ರಶ್ನೆ (ಮಂಗಳೂರು ಸೊಸೆ):
ನಾನು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ ಎಂಬ ಪ್ರೊಟೆಸ್ಟಂಟ್) ಸಭೆಯಲ್ಲಿ ಬೆಳೆದವಳು. ಮದುವೆಯಾಗಿದ್ದು ಕೊಂಕಣಿ ಕ್ಯಾಥೊಲಿಕ್ ಮನೆಗೆ. ಭಾನುವಾರ ಅತ್ತೆಯವರ ಜೊತೆ ಪೂಜೆಗೆ ಹೋಗುತ್ತೇನೆ. ಪರಮಪ್ರಸಾದದ (ಕ್ರಿಸ್ತರ ಶರೀರವೆಂದು ಕೊಡುವ ರೊಟ್ಟಿಯ) ಹೊತ್ತಿಗೆ ಎಲ್ಲರೂ ಎದ್ದು ಸಾಲು ನಿಲ್ಲುತ್ತಾರೆ, ನಾನೊಬ್ಬಳು ಬೆಂಚಿನಲ್ಲೇ ಕೂತಿರುತ್ತೇನೆ. ಅತ್ತೆಯವರಿಗೂ ಬೇಜಾರು. ಮದುವೆ ಹೊತ್ತಿಗೆ ಯಾರೂ ನನಗೆ ಮತ್ತೆ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಕೊಡಲಿಲ್ಲ, ಹಳೆಯದನ್ನೇ ಒಪ್ಪಿಕೊಂಡರು. ಹಾಗಾದರೆ ನಾನು ಕ್ರಿಸ್ತನ ಸಭೆಯವಳು ತಾನೆ? ಪ್ರಸಾದ ಯಾಕೆ ಇಲ್ಲ? ಜಗಳಕ್ಕೆ ಕೇಳುತ್ತಿಲ್ಲ, ನಿಜವಾಗಿ ತಿಳಿಯಬೇಕು.

ಉತ್ತರ (ಧರ್ಮೋಪದೇಶ ಟೀಚರ್):
ಅಕ್ಕಾ, ನಿಮ್ಮ ದೀಕ್ಷಾಸ್ನಾನ ನಿಜವಾದದ್ದೇ, ಅದರಲ್ಲಿ ಅನುಮಾನ ಬೇಡ. ಆದರೆ ಪರಮಪ್ರಸಾದ ಅನ್ನುವುದು ಯೇಸುವಿಗೂ ನನಗೂ ಮಾತ್ರ ಸೇರಿದ್ದಲ್ಲ. ಬಲಿಪೂಜೆಯ ನಡುವೆ ಗುರುಗಳು ಪೋಪರ ಹೆಸರು, ನಮ್ಮ ಬಿಷಪರ ಹೆಸರು ಹೇಳಿ ಪ್ರಾರ್ಥಿಸುವುದನ್ನು ಕೇಳಿರುತ್ತೀರಿ. ನಾವು ಹೇಳುವ ‘ಆಮೆನ್’ ಕ್ರಿಸ್ತರ ಶರೀರಕ್ಕೂ ಹೌದು, ಆ ಇಡೀ ಬಳಗಕ್ಕೂ ಹೌದು. ಸಂತ ಅಗಸ್ಟೀನರು ಹೊಸದಾಗಿ ದೀಕ್ಷೆ ಪಡೆದವರಿಗೆ ಇದನ್ನೇ ಹೇಳಿದ್ದರು: ಪೀಠದ ಮೇಲಿರುವುದು ನಿಮ್ಮದೇ ರಹಸ್ಯ, ನೀವು ಏನಾಗಿದ್ದೀರೋ ಅದನ್ನೇ ಪಡೆಯುತ್ತೀರಿ. ನಮ್ಮ ನಡುವೆ ಒಡಕು ಇನ್ನೂ ಇರುವಾಗ ಇಲ್ಲ ಅಂತ ತೋರಿಸುವುದು ಸರಿಯಲ್ಲ ಅನ್ನುವುದು ನಿಯಮದ ಕಾರಣ. ಕ್ಯಾಥೊಲಿಕ್ ಸಭೆಯ 1983ರ ನಿಯಮಾವಳಿಯಲ್ಲಿ ಸಾವಿನ ಅಪಾಯದಂಥ ಗಂಭೀರ ಸಂದರ್ಭಕ್ಕೆ ವಿನಾಯಿತಿ ಇದೆ. ಪ್ರತಿ ಭಾನುವಾರಕ್ಕೆ ಇಲ್ಲ.

ಉತ್ತರ (ಮಂಗಳೂರು ಬಲ್ಮಠದ ಸಿ.ಎಸ್.ಐ. ಹಿರಿಯ):
ತಂಗೀ, ಟೀಚರ್ ಹೇಳಿದ್ದರಲ್ಲಿ ಅರ್ಧ ನಾನು ಪೂರ್ತಿ ಒಪ್ಪುತ್ತೇನೆ. ಪ್ರಸಾದದ ಮೇಜು ಬೇರೆ, ಸಭೆ ಬೇರೆ ಅಲ್ಲ. ನಮ್ಮ ಕಡೆಯವರು ಎಷ್ಟೋ ಸಲ ಇದನ್ನು ಮರೆತು, ಕರ್ತನ ಭೋಜನ (ಪ್ರಸಾದಕ್ಕೆ ನಮ್ಮ ಹೆಸರು) ಅಂದರೆ ಸುಮ್ನೆ ಒಂದು ನೆನಪು ಅಂದುಬಿಡುತ್ತಾರೆ. ನನಗೆ ಅದು ಸಾಲದು.

ಆದರೆ ಒಡಕು ಪೂರ್ತಿ ವಾಸಿಯಾದ ಮೇಲೆಯೇ ಒಟ್ಟಿಗೆ ಊಟ ಅನ್ನುವುದನ್ನು ಒಪ್ಪಲಾರೆ. 1529ರಲ್ಲಿ ಜರ್ಮನಿಯ ಮಾರ್ಬುರ್ಗ್ ಊರಿನಲ್ಲಿ ಪ್ರೊಟೆಸ್ಟಂಟ್ ಸುಧಾರಕರಾದ ಲೂಥರ್, ಜ್ವಿಂಗ್ಲಿ ಕೂತು ಮಾತಾಡಿದರು. ಹದಿನೈದು ವಿಷಯಗಳಲ್ಲಿ ಹದಿನಾಲ್ಕಕ್ಕೆ ಒಪ್ಪಿಗೆ ಆಯಿತು. ಕೊನೆಯದರಲ್ಲಿ, ರೊಟ್ಟಿಯಲ್ಲಿ ಕ್ರಿಸ್ತನ ದೇಹ ನಿಜವಾಗಿ ಇದೆಯೇ ಅನ್ನುವುದರಲ್ಲಿ, ಮುರಿದುಬಿತ್ತು. ‘ಇದು ನನ್ನ ದೇಹ’ ಎಂದು ಲೂಥರ್ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟುಕೊಂಡಿದ್ದರು, ಅಲ್ಲಿಂದ ಕದಲಲಿಲ್ಲ. ಅದೇ ಎರಡು ಪರಂಪರೆಯವರು ಸೇರಿ 1815ರಲ್ಲಿ ಬಾಸೆಲ್ ಮಿಶನ್ ಕಟ್ಟಿದರು, 1834ರಲ್ಲಿ ಮಂಗಳೂರಿಗೆ ಬಂದರು. ವಾದ ಮುಗಿದಿರಲಿಲ್ಲ, ಆದರೂ ಒಂದೇ ಬಟ್ಟಲು ಹಂಚಿಕೊಂಡರು. ನಮ್ಮ ಅಜ್ಜ ಅಜ್ಜಿಯರ ಸಭೆ ಹುಟ್ಟಿದ್ದು ಹಾಗೆ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಬೇರೆ ಬೇರೆ ಸಭೆಗಳು ಕೂಡಿ ಸಿ.ಎಸ್.ಐ. ಆದಾಗಲೂ ಹಾಗೇ. ಬಿಷಪರಿಂದ ಅಭಿಷೇಕ ಆಗದ ಪಾದ್ರಿಗಳನ್ನೂ ಇದ್ದ ಹಾಗೇ ಒಪ್ಪಿಕೊಂಡು, ಮುಂದಿನ ಅಭಿಷೇಕಗಳೆಲ್ಲ ಬಿಷಪರಿಂದಲೇ ಆಗಲಿ ಅಂದರು.

ಬೈಬಲಿನಲ್ಲಿ ಪೌಲನು ಕೊರಿಂಥದ ಸಭೆಗೆ ಬರೆದ ಮೊದಲ ಪತ್ರದ ಹನ್ನೊಂದನೇ ಅಧ್ಯಾಯ ನಿಧಾನವಾಗಿ ಓದಿ. ಅವನು ಸಿಟ್ಟಾಗಿದ್ದು ಸಿದ್ಧಾಂತ ತಪ್ಪಿದವರ ಮೇಲಲ್ಲ. ಉಳ್ಳವರು ಮೊದಲೇ ತಿಂದು ಕುಡಿದು ಮುಗಿಸುತ್ತಿದ್ದರು, ಇಲ್ಲದವರು ಹಸಿದು ನಿಲ್ಲುತ್ತಿದ್ದರು. ನೀವು ಮಾಡುವುದು ಕರ್ತನ ಭೋಜನವೇ ಅಲ್ಲ ಅಂದುಬಿಟ್ಟ! ನಮ್ಮಲ್ಲೂ ಇದೇ ಆಯಿತು. ತಂಜಾವೂರು ಕಡೆಯ ಸಭೆಗಳಲ್ಲಿ ಜಾತಿ ನೋಡಿ ಕೂರಿಸುತ್ತಿದ್ದರು, ಪ್ರಸಾದಕ್ಕೂ ಜಾತಿ ಪ್ರಕಾರ ಸರದಿ. 1833ರಲ್ಲಿ ಕಲ್ಕತ್ತೆಯ ಆಂಗ್ಲಿಕನ್ ಬಿಷಪ್ ಡೇನಿಯಲ್ ವಿಲ್ಸನ್ ಇದನ್ನು ಈಗಲೇ ಬಿಡಿ ಎಂದು ಪತ್ರ ಬರೆದಾಗ ಬಹಳ ಜನ ಸಭೆಯನ್ನೇ ಬಿಟ್ಟು ಹೋದರು. ಅವರು ಹೇಳುತ್ತಿದ್ದ ನಂಬಿಕೆಯ ಪ್ರಮಾಣವಚನದಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಆದರೂ ಸಭೆ ಒಡೆದಿದ್ದು ಅಲ್ಲೇ, ಆ ಬಟ್ಟಲಿನ ಹತ್ತಿರವೇ. ನಿಯಮ ಕಾಯುವವರು ಈ ಒಡಕನ್ನೂ ಅಷ್ಟೇ ಕಟ್ಟುನಿಟ್ಟಾಗಿ ನೋಡಬೇಕಲ್ವಾ?

ಮಂಗಳೂರು ಸೊಸೆ:
ಅಂಕಲ್, ಟೀಚರ್, ಇಬ್ಬರಿಗೂ ಥ್ಯಾಂಕ್ಸ್. ನೋವು ಹೋಗಲಿಲ್ಲ, ಆದರೆ ಕಾರಣ ತಿಳಿಯಿತು. ಇನ್ನೊಂದು ಪ್ರಶ್ನೆ. ಮುಂದಿನ ವರ್ಷ ಮಗಳಿಗೆ ಮೊದಲ ಪರಮಪ್ರಸಾದ. ಅದರ ತಯಾರಿ ತರಗತಿಗೆ ಅವಳ ಜೊತೆ ನಾನು ಕೂರಬಹುದಾ?

ಧರ್ಮೋಪದೇಶ ಟೀಚರ್:
ಖಂಡಿತ ಬನ್ನಿ ಅಕ್ಕಾ. ನಮ್ಮ ತರಗತಿಗೆ ತಾಯಂದಿರು ಬರುವುದೇ ಕಡಿಮೆ. ಗುರುಗಳಿಗೆ ಒಂದು ಮಾತು ಹೇಳಿರಿ, ಸಾಕು. ಹಿರಿಯರು ಹೇಳಿದ ಆ ಹನ್ನೊಂದನೇ ಅಧ್ಯಾಯವನ್ನು ಮಕ್ಕಳಿಗೆ ನೀವೇ ಓದಿ ಹೇಳಿ.