ಇಳಕಲ್ ಸೀರೆಯ ಕ್ಯಾಟಲಾಗಿಗೆ ಫಿಲ್ಮ್ ಬೇಕೇ?

ಪ್ರಶ್ನೆ: ನಮಸ್ಕಾರ ಸರ್. ಹುಬ್ಬಳ್ಳಿಯಿಂದ ಇಳಕಲ್ ಸೀರೆ ಮತ್ತು ಗುಳೇದಗುಡ್ಡ ಖಣದ ರವಿಕೆಗಳನ್ನು ಆನ್‌ಲೈನಿನಲ್ಲಿ ಮಾರುತ್ತೇನೆ. ದೀಪಾವಳಿಗೆ 32 ಹೊಸ ಸೀರೆಗಳು ಬರುತ್ತಿವೆ. ಬೆಂಗಳೂರಿನ ಫೋಟೊಗ್ರಾಫರ್ ಒಬ್ಬರು, ಎಲ್ಲವನ್ನೂ ಮೀಡಿಯಂ ಫಾರ್ಮ್ಯಾಟ್ (ಮಾಮೂಲಿಗಿಂತ ಅಗಲದ) ಫಿಲ್ಮಿನಲ್ಲೇ ತೆಗೆಯೋಣ, ಈ ಬಣ್ಣ ಡಿಜಿಟಲ್‌ಗೆ ದಕ್ಕುವುದಿಲ್ಲ ಎನ್ನುತ್ತಾರೆ. ಖರ್ಚು ದುಪ್ಪಟ್ಟಾಗುತ್ತದೆ. ಅವರು ತೋರಿಸಿದ ಚಿತ್ರಗಳೇನೋ ಚೆನ್ನಾಗಿವೆ, ಇಲ್ಲ ಎನ್ನಲಾರೆ. ಒಪ್ಪಲೇ?

ಉತ್ತರ: ಅವರ ಯೋಜನೆಯನ್ನು ಒಪ್ಪಬೇಡಿ, ಅವರನ್ನು ಬಿಡಲೂ ಬೇಡಿ.

ಮೊದಲು ಲೆಕ್ಕ ನೋಡೋಣ. 6×7 ಸೆಂ.ಮೀ. ಚಿತ್ರದ ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾದಲ್ಲಿ ‘120’ ಎಂಬ ಅಳತೆಯ ರೋಲೊಂದಕ್ಕೆ ಹತ್ತೇ ಚಿತ್ರ. ಸೀರೆಗೆ ಎರಡು ರೋಲು ಎಂದರೂ 64 ರೋಲು, 640 ಚಿತ್ರ. ಅಷ್ಟನ್ನೂ ಕೊಳ್ಳಬೇಕು, ಲ್ಯಾಬಿನಲ್ಲಿ ತೊಳೆಸಬೇಕು, ಸ್ಕ್ಯಾನ್ ಮಾಡಿಸಬೇಕು. ಇಷ್ಟಾದರೂ ನೆರಿಗೆ ಜಾರಿದ್ದು, ಕಣ್ಣು ಮುಚ್ಚಿದ್ದು ತಿಳಿಯುವುದು ರೂಪದರ್ಶಿ ಮನೆಗೆ ಹೋಗಿ, ಸೀರೆ ಮಡಿಚಿಟ್ಟ ಮೇಲೆ. ನಾನು ಫಿಲ್ಮಿನಲ್ಲಿ ದುಡಿಯುತ್ತಿದ್ದ ಕಾಲದಲ್ಲಿ ಇದಕ್ಕೆಂದೇ ಕ್ಯಾಮೆರಾದ ಹಿಂಬದಿಗೆ ಹಾಕುವ, ಅಲ್ಲೇ ಚಿತ್ರ ಕೊಡುವ ಪೋಲರಾಯ್ಡ್ ಬ್ಯಾಕ್ ಇತ್ತು. ಒಂದು ಚಿತ್ರ ತೆಗೆದು, ಎರಡು ನಿಮಿಷ ಕಾದು, ಬಾಳೆಹಣ್ಣಿನ ಸಿಪ್ಪೆಯಂತೆ ಕಾಗದ ಸುಲಿದು ನೋಡಿ, ಆಮೇಲೆ ರೋಲು ಹಾಕುತ್ತಿದ್ದೆವು. ಆ ಜಾತಿಯ ಫಿಲ್ಮಾದ ಫ್ಯೂಜಿ ಎಫ್‌ಪಿ-100ಸಿ ತಯಾರಿಕೆಯನ್ನು 2016ರಲ್ಲಿ ನಿಲ್ಲಿಸಿದರು. ಈಗ ಫಿಲ್ಮಿನ ಪರಮ ಭಕ್ತರೂ ಡಿಜಿಟಲ್‌ನಲ್ಲಿ ಬೆಳಕು ನೋಡಿಕೊಂಡೇ ರೋಲು ಹಾಕುತ್ತಾರೆ!

ಬಣ್ಣದ ಬಗ್ಗೆ ಅವರು ಹೇಳಿದ್ದು ಅರ್ಧ ನಿಜ. ಇಳಕಲ್ ಸೆರಗಿನ ಗಾಢ ಕೆಂಪು ಡಿಜಿಟಲ್‌ಗೆ ಕಷ್ಟವೇ. ಕೆಂಪು ಬಣ್ಣದ ದಾಖಲೆ, ಅಂದರೆ ಕೆಂಪು ಚಾನೆಲ್, ಹಸಿರು, ನೀಲಿಗಿಂತ ಮೊದಲೇ ತುಂಬಿ ತುಳುಕುತ್ತದೆ. ಬೆಳಕಿನ ಹಂಚಿಕೆ ತೋರಿಸುವ ಒಟ್ಟು ಹಿಸ್ಟೋಗ್ರಾಮ್ ನಕ್ಷೆ ನೋಡಿ ನೆಮ್ಮದಿಯಾಗಿದ್ದರೆ, ನೇಯ್ಗೆಯೆಲ್ಲ ಅಳಿಸಿಹೋಗಿ ಸೆರಗಿಗೆ ಕುಂಕುಮ ಬಳಿದಂತೆ ಕಾಣುತ್ತದೆ. ಕಲರ್ ನೆಗೆಟಿವ್ ಫಿಲ್ಮ್ ಇಲ್ಲಿ ಉದಾರಿ; ಬೆಳಕು ಒಂದೆರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ದುಪ್ಪಟ್ಟು) ಹೆಚ್ಚಾದರೂ ತಡೆದುಕೊಳ್ಳುತ್ತದೆ. ಆದರೆ ಕೆಂಪು ಚಾನೆಲ್ ಒಂದನ್ನೇ ನೋಡಿಕೊಂಡು ಬೆಳಕು ತುಸು ತಗ್ಗಿಸಿ, ಕ್ಯಾಮೆರಾ ತಿದ್ದದ ರಾ ಫೈಲಿನಲ್ಲಿ ತೆಗೆದರೆ ಡಿಜಿಟಲ್‌ನಲ್ಲೂ ಸೆರಗಿನ ಎಳೆ ಎಳೆ ಉಳಿಯುತ್ತದೆ.

ಅವರು ಹೇಳದೆ ಬಿಟ್ಟ ಇನ್ನರ್ಧ ನಿಮಗೆ ಹೆಚ್ಚು ಮುಖ್ಯ. ನೆಗೆಟಿವ್‌ನಿಂದ ಬರುವ ಬಣ್ಣವನ್ನು ಬಹುಮಟ್ಟಿಗೆ ನಿರ್ಧರಿಸುವವರು ಸ್ಕ್ಯಾನ್ ಮಾಡುವವರು. ಒಬ್ಬರ ಕೈಯಲ್ಲಿ ದಾಳಿಂಬೆ ಕೆಂಪಾದದ್ದು ಇನ್ನೊಬ್ಬರ ಕೈಯಲ್ಲಿ ಇಟ್ಟಿಗೆ ಕೆಂಪಾಗುತ್ತದೆ. ನಿಮ್ಮ ಗಿರಾಕಿ ಫೋಟೊ ನೋಡಿ ದುಡ್ಡು ಕೊಡುತ್ತಾರೆ. ಬಣ್ಣ ಬೇರೆಯಾದರೆ ಸೀರೆ ವಾಪಸ್. ಡಿಜಿಟಲ್‌ನಲ್ಲಿ ಬೆಳಕು ಬದಲಾದಾಗಲೆಲ್ಲ 24 ಚೌಕಗಳ ಬಣ್ಣದ ಹಲಗೆ ಹಿಡಿದು ಒಂದು ಚಿತ್ರ ತೆಗೆದು, ಅದಕ್ಕೆ ತಕ್ಕಂತೆ ಬಣ್ಣ ಸರಿಹೊಂದಿಸಿಕೊಂಡರೆ, ಪಕ್ಕದ ಪರದೆಯಲ್ಲಿ ಅಲ್ಲೇ ಸೀರೆಯನ್ನೂ ಚಿತ್ರವನ್ನೂ ಹೋಲಿಸಿ ನೋಡಬಹುದು.

ಹಾಗಾಗಿ 32 ಸೀರೆಗಳೂ ಡಿಜಿಟಲ್‌ನಲ್ಲಿ ಆಗಲಿ. ಅವುಗಳಲ್ಲಿ ನಾಲ್ಕನ್ನು ಆರಿಸಿ, ಹಬ್ಬದ ಪೋಸ್ಟರಿಗೆ ನಾಲ್ಕು ರೋಲು ಫಿಲ್ಮ್ ಕೊಡಿ. ಅಲ್ಲಿ ಅವರ ಕೈಚಳಕ ಮೆರೆಯಲಿ.

ಇನ್ನೊಬ್ಬ ಸದಸ್ಯರು: ಖಣ ತೆಗೆದಾಗಲೆಲ್ಲ ಬಟ್ಟೆಯ ಮೇಲೆ ಕಾಮನಬಿಲ್ಲಿನಂಥ ಅಲೆಗಳು ಬರುತ್ತವೆ. ಫಿಲ್ಮಿನಲ್ಲಿ ಇದು ಬರುವುದಿಲ್ಲವಲ್ಲ ಸರ್?

ಉತ್ತರ: ಫಿಲ್ಮಿನ ಕಣಗಳು ಚೆಲ್ಲಾಪಿಲ್ಲಿಯಾಗಿರುತ್ತವೆ, ಸೆನ್ಸರಿನ ಚುಕ್ಕೆಗಳು ಸಾಲಾಗಿ ನಿಂತಿರುತ್ತವೆ. ಖಣದ ಸಣ್ಣ ನೇಯ್ಗೆ ಆ ಸಾಲಿಗೆ ಡಿಕ್ಕಿ ಹೊಡೆದಾಗ ಈ ಅಲೆ ಏಳುತ್ತದೆ. ಅದಕ್ಕಾಗಿ ಫಿಲ್ಮ್ ಕೊಳ್ಳಬೇಕಿಲ್ಲ. ಒಂದು ಹೆಜ್ಜೆ ಹಿಂದೆ ಸರಿಯಿರಿ ಅಥವಾ ಕ್ಯಾಮೆರಾ ಸ್ವಲ್ಪ ಓರೆ ಮಾಡಿ. ಅಲೆ ಹಟ ಹಿಡಿದರೆ ಲೆನ್ಸಿನ ಕಿಂಡಿಯನ್ನು ಎಫ್16ಕ್ಕೆ ಕಿರಿದಾಗಿಸಿ. ಚಿತ್ರ ಕೂದಲೆಳೆಯಷ್ಟು ಮೆತ್ತಗಾಗುತ್ತದೆ, ಅಲೆ ತಗ್ಗುತ್ತದೆ. ಸೆನ್ಸರುಗಳು ಬಟ್ಟೆಯ ಮುಂದೆ ಎಡವಿದ್ದು ಇದೊಂದೇ ಅಲ್ಲ. 2006ರ ಲೈಕಾ ಎಂ8 ಕ್ಯಾಮೆರಾದಲ್ಲಿ ಕಪ್ಪು ಸಿಂಥೆಟಿಕ್ ಬಟ್ಟೆ ನೇರಳೆಯಾಗಿ ಬರುತ್ತಿತ್ತು. ಅವರ ಸೆನ್ಸರು ಇನ್ಫ್ರಾರೆಡ್ ಬೆಳಕನ್ನು ಸಾಕಷ್ಟು ತಡೆಯುತ್ತಿರಲಿಲ್ಲ. ಕೊನೆಗೆ ಕಂಪನಿಯೇ ಕೊಂಡವರಿಗೆ ಉಚಿತವಾಗಿ ಫಿಲ್ಟರ್ ಹಂಚಬೇಕಾಯಿತು.

ಇನ್ನೊಬ್ಬ ಸದಸ್ಯರು: ಆದರೂ ದೊಡ್ಡವರು ಫಿಲ್ಮನ್ನು ಬಿಟ್ಟಿಲ್ಲವಲ್ಲ?

ಉತ್ತರ: ಇಟಲಿಯ ಫ್ಯಾಷನ್ ಫೋಟೊಗ್ರಾಫರ್ ಪಾವೊಲೊ ರೊವರ್ಸಿ 8×10 ಇಂಚಿನ ಪೋಲರಾಯ್ಡ್‌ನಿಂದಲೇ ಹೆಸರಾದವರು. ಬ್ರಿಟನ್ನಿನ ಫೋಟೊಗ್ರಾಫರ್ ನಿಕ್ ನೈಟ್ ಅದಕ್ಕೆ ತದ್ವಿರುದ್ಧ, 2000ದಲ್ಲೇ ಶೋಸ್ಟುಡಿಯೊ ಎಂಬ ಫ್ಯಾಷನ್ ಜಾಲತಾಣ ಕಟ್ಟಿ ಅಂತರ್ಜಾಲಕ್ಕೆ ಹೊರಳಿದರು. ಇಬ್ಬರಿಗೂ ಫ್ಯಾಷನ್ ಲೋಕ ಮಣೆ ಹಾಕಿದೆ. ರೊವರ್ಸಿಯಂಥವರನ್ನು ಕರೆಸುವವರು ಅವರ ಕಣ್ಣಿಗೆಂದೇ ಕರೆಸುತ್ತಾರೆ. ದಿನಕ್ಕೆ ಹದಿನಾರು ಸೀರೆ ಮುಗಿಸಿಕೊಡಿ ಎಂದು ಅವರನ್ನು ಯಾರೂ ಕೇಳುವುದಿಲ್ಲ.

ಮೊದಲು ಕೇಳಿದವರು: ಧನ್ಯವಾದ ಸರ್. ನಾಲ್ಕು ರೋಲಿನ ಮಾತಿಗೆ ಅವರು ಒಪ್ಪಿದರು, ಸ್ವಲ್ಪ ಮುಖ ಸಣ್ಣದು ಮಾಡಿಕೊಂಡೇ. ಕಾಗದದಲ್ಲಿ ಏನು ಬರೆಸಿಕೊಳ್ಳಲಿ?

ಉತ್ತರ: ನೆಗೆಟಿವ್ ಯಾರ ಬಳಿ ಇರಬೇಕು ಎಂಬುದನ್ನು ಬರೆಸಿ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಹಣ ಕೊಟ್ಟು ತೆಗೆಸಿದ ಫೋಟೊದ ಹಕ್ಕು ತೆಗೆಸಿದವರದ್ದೇ. ಆದರೆ ಹಕ್ಕು ನಿಮ್ಮದಾಗಿ, ನೆಗೆಟಿವ್ ಅವರ ಬೀರುವಿನಲ್ಲಿ ಕುಳಿತರೆ ಮುಂದಿನ ವರ್ಷ ಮರುಸ್ಕ್ಯಾನಿಗೆ ಪರದಾಡುತ್ತೀರಿ.

ನಾಲ್ಕೂ ರೋಲುಗಳನ್ನು ಒಟ್ಟಿಗೆ ತೊಳೆಯಲು ಕೊಡಬಾರದು ಎಂದೂ ಹೇಳಿ. ಕಲರ್ ನೆಗೆಟಿವ್‌ನ ಡೆವಲಪರ್ ದ್ರಾವಣ 37.8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೂರು ಕಾಲು ನಿಮಿಷ ಕೆಲಸ ಮಾಡುತ್ತದೆ. ಶಾಖ ಏರುಪೇರಾದರೆ ಬಣ್ಣ ಕೆಡುತ್ತದೆ. ಒಮ್ಮೆ ಅಂಗಡಿಯೊಂದಕ್ಕೆ ಮದುವೆ ಸೀರೆಗಳನ್ನು ತೆಗೆದ ನನ್ನ ಇಡೀ ದಿನದ ದುಡಿಮೆ ಒಂದು ಲ್ಯಾಬಿನಲ್ಲಿ ಹೀಗೇ ಹಳದಿಯಾಗಿ ಹೊರಬಂತು. ಅಂಗಡಿಯ ಹಿರಿಯರು ನನಗೆ ಬೈಯಲಿಲ್ಲ, ಕಾಫಿ ಕೊಟ್ಟರು. ಅದೇ ಹೆಚ್ಚು ನೋವಾಯಿತು. ಅಂದಿನಿಂದ ಒಂದು ರೋಲು ತೊಳೆಸಿ, ನೋಡಿ, ಆಮೇಲೆ ಉಳಿದವನ್ನು ಕೊಡುತ್ತೇನೆ.

ಮೊದಲು ಕೇಳಿದವರು: ಬೆಳಗ್ಗೆ ಮೊದಲು ಫಿಲ್ಮ್ ಮುಗಿಸೋಣ ಎನ್ನುತ್ತಾರೆ. ಸರಿಯೇ?

ಉತ್ತರ: ಬೇಡ. ಬೆಳಗಿನಿಂದ ಡಿಜಿಟಲ್ ಆಗಲಿ, ಫಿಲ್ಮಿಗೆ ಸಂಜೆ ನಾಲ್ಕೂವರೆಯ ಬೆಳಕು ಬಿಡಿ. ಅಷ್ಟು ಹೊತ್ತಿಗೆ ರೂಪದರ್ಶಿಗೂ ಸೀರೆ ಒಗ್ಗಿರುತ್ತದೆ.