ಲ್ಯಾಪ್‌ಟಾಪ್‌ಗೆ ಡಿಸ್ಕ್ ಕಾಣುತ್ತಿಲ್ಲ, ಒಳಗೆ 11 ವರ್ಷದ ತಾಳಮದ್ದಳೆ ಉಂಟು

ಪ್ರಶ್ನೆ (ಅಧ್ಯಾಪಕರು, ಪೆರ್ಲ):
ಎಲ್ಲರಿಗೂ ನಮಸ್ಕಾರ. ಈ ಗುಂಪಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವರು ಇದ್ದಾರೆ ಎಂದು ಗೊತ್ತು, ಅದಕ್ಕೆ ಕೇಳುತ್ತಿದ್ದೇನೆ. ನನ್ನದು 7 ವರ್ಷ ಹಳೆಯ ಲ್ಯಾಪ್‌ಟಾಪ್, 500 ಜಿಬಿ ಹಾರ್ಡ್ ಡಿಸ್ಕ್. ಮೊನ್ನೆ ಸಂಜೆಯ ಸಿಡಿಲು ಮಳೆಗೆ ಕರೆಂಟು ನಾಲ್ಕೈದು ಸಲ ಹೋಗಿ ಬಂತು. ಚಾರ್ಜರ್ ಸಿಕ್ಕಿಸಿಯೇ ಇತ್ತು. ಮರುದಿನ ಆನ್ ಮಾಡಿದರೆ ಕಪ್ಪು ಪರದೆ, ಬೂಟ್ ಡಿವೈಸ್ ಸಿಗುತ್ತಿಲ್ಲ ಎಂಬ ಒಂದು ಸಾಲು, ಅಷ್ಟೇ. ಒಳಗೆ ನಮ್ಮೂರ ದೇವಸ್ಥಾನದ 11 ವರ್ಷದ ತಾಳಮದ್ದಳೆ (ವೇಷವಿಲ್ಲದೆ ಕೂತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನ) ರೆಕಾರ್ಡಿಂಗ್ ಉಂಟು. ಅದರಲ್ಲಿ ಅರ್ಥ ಹೇಳಿದ ಮೂವರು ಈಗ ನಮ್ಮೊಂದಿಗೆ ಇಲ್ಲ. ಮತ್ತೆ ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ ಪ್ರಶ್ನೆಪತ್ರಿಕೆ, ಪಾಠದ ಟಿಪ್ಪಣಿ. ಬೇರೆ ಪ್ರತಿ ಇಲ್ಲ. ವಿಂಡೋಸ್ ಹೊಸದಾಗಿ ಹಾಕಿದರೆ ಸರಿಯಾಗುತ್ತದೆ ಎಂದು ತಂಗಿಯ ಮಗ ಹೇಳುತ್ತಾನೆ. ಹಾಕಬಹುದಾ?

ಉತ್ತರ (ಲ್ಯಾಪ್‌ಟಾಪ್ ರಿಪೇರಿ, ಕುಂಬಳೆ):
ಮಾಷ್ಟ್ರೇ, ಬೇಡ. ವಿಂಡೋಸ್ ಹಾಕಲೇಬೇಡಿ. ಡಿಸ್ಕ್ ಕಾಣದಿದ್ದರೆ ಹಾಕಲು ಆಗುವುದೂ ಇಲ್ಲ. ನಡುವೆ ಒಮ್ಮೆ ಕಂಡುಬಿಟ್ಟರೆ ನಿಮ್ಮ ರೆಕಾರ್ಡಿಂಗ್ ಇರುವ ಜಾಗದ ಮೇಲೆಯೇ ಹೊಸ ಫೈಲ್ ಬಂದು ಕೂರುತ್ತದೆ. ಹಾಗೆ ಒಮ್ಮೆ ಮೇಲೆ ಬರೆದದ್ದನ್ನು ಯಾರಿಂದಲೂ ವಾಪಸ್ ತೆಗೆಯಲು ಆಗುವುದಿಲ್ಲ. ಮತ್ತೆ ಮತ್ತೆ ಆನ್ ಆಫ್ ಮಾಡುವುದನ್ನೂ ಈಗಲೇ ನಿಲ್ಲಿಸಿ.

ಡಿಸ್ಕ್ "ಕಾಣುತ್ತಿಲ್ಲ" ಎಂದರೆ ಡಾಟಾ ಹೋಯಿತು ಎಂದು ಅರ್ಥ ಅಲ್ಲ. ಯಾರಿಗೆ ಕಾಣುತ್ತಿಲ್ಲ ಎಂದು ಮೊದಲು ನೋಡಬೇಕು. ವಿಂಡೋಸ್‌ಗಾ, ಅಥವಾ ಲ್ಯಾಪ್‌ಟಾಪ್‌ಗೇ ಕಾಣುತ್ತಿಲ್ಲವಾ? ಒಂದೇ ಒಂದು ಸಲ ಆನ್ ಮಾಡಿ ಬಯೋಸ್‌ಗೆ, ಅಂದರೆ ವಿಂಡೋಸ್‌ಗಿಂತ ಮೊದಲು ಬರುವ ಲ್ಯಾಪ್‌ಟಾಪ್‌ನದ್ದೇ ಸೆಟ್ಟಿಂಗ್ ಪರದೆಗೆ ಹೋಗಿ. ಅದಕ್ಕೆ ಒತ್ತುವ ಕೀ ಡೆಲ್, ಏಸರ್, ಏಸಸ್‌ನಲ್ಲಿ ಸಾಮಾನ್ಯವಾಗಿ ಎಫ್2, ಎಚ್‌ಪಿಯಲ್ಲಿ ಎಫ್10, ಲೆನೊವೊದಲ್ಲಿ ಎಫ್1 ಅಥವಾ ಎಫ್2. ಅಲ್ಲಿ ಸ್ಟೋರೇಜ್ ಎಂಬ ಕಡೆ ಡಿಸ್ಕಿನ ಹೆಸರು, 500 ಜಿಬಿ ಎಂದು ಬಂದರೆ ಡಿಸ್ಕಿಗೆ ಜೀವ ಉಂಟು, ಕೆಟ್ಟದ್ದು ಹೆಚ್ಚಾಗಿ ವಿಂಡೋಸ್ ಅಥವಾ ಡಿಸ್ಕಿನ ಒಂದು ಭಾಗ ಮಾತ್ರ. ಅಲ್ಲಿಯೂ ಇಲ್ಲದಿದ್ದರೆ ಕೇಬಲ್, ಕನೆಕ್ಟರ್, ಬೋರ್ಡ್ ಅಥವಾ ಡಿಸ್ಕೇ ಕೆಟ್ಟಿರಬಹುದು.

ಅದೇ ಹೊತ್ತಿಗೆ ಕಿವಿ ಹತ್ತಿರ ಇಟ್ಟು ಕೇಳಿ. ಸಣ್ಣಗೆ ಒಂದೇ ಸಮ ತಿರುಗುವ ಸದ್ದು ಬರುತ್ತಾ? ಟಕ್ ಟಕ್ ಎಂದು ಬಡಿಯುತ್ತಾ? ಏನೂ ಸದ್ದೇ ಇಲ್ಲವಾ? ಟಕ್ ಟಕ್ ಕೇಳಿದರೆ ಆ ಕ್ಷಣವೇ ಆಫ್ ಮಾಡಿ. ಒಳಗಿನ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ಅದರ ಮೇಲೆ ಕೂದಲಿನ ದಪ್ಪಕ್ಕಿಂತ ಎಷ್ಟೋ ಕಡಿಮೆ ಅಂತರದಲ್ಲಿ ಓದುವ ಹೆಡ್ ಇರುತ್ತದೆ. ಹೆಡ್ ಕೆಟ್ಟು ತಟ್ಟೆಗೆ ಉಜ್ಜಿದರೆ ಒಂದೊಂದು ನಿಮಿಷಕ್ಕೂ ನಿಮ್ಮ ರೆಕಾರ್ಡಿಂಗ್ ಪುಡಿಯಾಗುತ್ತಾ ಹೋಗುತ್ತದೆ.

ಪ್ರಶ್ನೆ (ಅದೇ ಅಧ್ಯಾಪಕರು):
ನೋಡಿದೆ. ಬಯೋಸ್‌ನಲ್ಲಿ ಡಿಸ್ಕಿನ ಹೆಸರಿಲ್ಲ. ಸದ್ದು ಮಾತ್ರ ಒಂದೇ ಸಮ ತಿರುಗುವ ಸದ್ದು, ಟಕ್ ಟಕ್ ಇಲ್ಲ. ಇನ್ನೆಂತ ಮಾಡುವುದು?

ಉತ್ತರ:
ಇದು ಒಳ್ಳೆಯ ಲಕ್ಷಣ ಮಾಷ್ಟ್ರೇ. ತಿರುಗುತ್ತಿದೆ, ಬಡಿಯುತ್ತಿಲ್ಲ, ಆದರೂ ಕಾಣುವುದಿಲ್ಲ ಎಂದಾದರೆ ನಾನು ಮೊದಲು ನೋಡುವುದು ಕೇಬಲ್. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕಿಗೂ ಮದರ್‌ಬೋರ್ಡಿಗೂ ನಡುವೆ ಕಾಗದದಷ್ಟು ತೆಳ್ಳಗಿನ ಒಂದು ಪಟ್ಟಿ ಕೇಬಲ್ ಇರುತ್ತದೆ. ಅದು ಸಡಿಲ ಆಗುತ್ತದೆ, ಮಡಿಚಿದಲ್ಲಿ ಒಡೆಯುತ್ತದೆ. ನಮ್ಮ ಕಡೆ ಇನ್ನೊಂದು ಕಾಟ ಉಂಟು. ಮಳೆಗಾಲದ ತೇವ, ಕಡಲ ಬದಿಯ ಉಪ್ಪು ಗಾಳಿ. ಕನೆಕ್ಟರಿನ ಪಿನ್ನಿಗೆ ಹಸಿರು ಹಿಡಿದ ಮೆಷಿನ್ ಉಪ್ಪಳ, ಮಂಜೇಶ್ವರ ಕಡೆಯಿಂದ ನನ್ನಲ್ಲಿಗೆ ಎಷ್ಟು ಬಂದಿವೆಯೋ ಲೆಕ್ಕವಿಲ್ಲ. ಸಿಡಿಲಿಗೆ ಮದರ್‌ಬೋರ್ಡಿನ ಆ ಪೋರ್ಟ್ ಮಾತ್ರ ಹೋದದ್ದೂ ಉಂಟು. ಹಾಗಾದರೂ ಡಿಸ್ಕ್ ಸರಿಯೇ ಇರಬಹುದು.

ಅದಕ್ಕೆ ಡಿಸ್ಕನ್ನು ಹೊರಗೆ ತೆಗೆದು ನೋಡುವುದೇ ಸರಿ. ಚಾರ್ಜರ್ ತೆಗೆದು, ಬ್ಯಾಟರಿ ಕನೆಕ್ಷನ್ ಬಿಡಿಸಿ, ಆಮೇಲೆ ಡಿಸ್ಕ್ ತೆಗೆಯಬೇಕು. ಅದನ್ನು ಒಂದು ಯುಎಸ್‌ಬಿ ಸಾಟಾ ಕೇಸಿಗೆ (ಒಳಗಿನ ಡಿಸ್ಕನ್ನು ಯುಎಸ್‌ಬಿಗೆ ಸಿಕ್ಕಿಸಲು ಬರುವ ಪೆಟ್ಟಿಗೆ) ಹಾಕಿ ಬೇರೆ ಕಂಪ್ಯೂಟರಿಗೆ ಸಿಕ್ಕಿಸಿದರೆ ಗೊತ್ತಾಗುತ್ತದೆ. ಲ್ಯಾಪ್‌ಟಾಪ್‌ನ ಎರಡೂವರೆ ಇಂಚಿನ ಡಿಸ್ಕಿಗೆ ಯುಎಸ್‌ಬಿಯ ಕರೆಂಟೇ ಸಾಕು. ಆಗ ವಿಂಡೋಸ್ "ಫಾರ್ಮ್ಯಾಟ್ ಮಾಡಬೇಕು" ಎಂದು ಕೇಳಿದರೆ ಕ್ಯಾನ್ಸಲ್ ಒತ್ತಿ. ವಿಂಡೋಸ್‌ನ ಚೆಕ್ ಡಿಸ್ಕ್ ಎಂಬ ರಿಪೇರಿ ಪ್ರೋಗ್ರಾಂ ಓಡಿಸಬೇಡಿ. ಅದು ಸರಿ ಮಾಡಲೆಂದು ಡಿಸ್ಕಿನ ಮೇಲೆಯೇ ಬರೆಯುತ್ತದೆ. ಮೊದಲು ಪ್ರತಿ, ರಿಪೇರಿ ಏನಿದ್ದರೂ ಆಮೇಲೆ. ಧೈರ್ಯ ಇಲ್ಲದಿದ್ದರೆ ಸುಮ್ನೆ ತೆರೆಯಬೇಡಿ, ಹಾಗೆಯೇ ತನ್ನಿ. ಬೈಕಿನಲ್ಲಿ ತರುವುದಾದರೆ ಬಟ್ಟೆ ಸುತ್ತಿ, ಬೆನ್ನ ಚೀಲದಲ್ಲಿ. ಬರುವಾಗ 1 ಟಿಬಿಯ ಖಾಲಿ ಡಿಸ್ಕ್ ಒಂದು ಬೇಕು.

ಪ್ರಶ್ನೆ (ಇಂಜಿನಿಯರಿಂಗ್ ವಿದ್ಯಾರ್ಥಿ, ಉಪ್ಪಳ):
ಅಣ್ಣ, ನನ್ನದೂ ಹೀಗೇ, ಆದರೆ ಸ್ವಲ್ಪ ಬೇರೆ. ಹೊಸ ಲ್ಯಾಪ್‌ಟಾಪ್, ಎನ್‌ವಿಎಂಇ ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ, ಚಿಪ್ಪಿನ ಡ್ರೈವ್). ವಿಂಡೋಸ್ ಏಳುತ್ತಿಲ್ಲ. ಬಯೋಸ್‌ನಲ್ಲಿ ಎಸ್‌ಎಸ್‌ಡಿ ಕಾಣುತ್ತದೆ, ಪೆನ್‌ಡ್ರೈವ್‌ನಿಂದ ವಿಂಡೋಸ್ ಹಾಕಲು ಹೋದರೆ ಅಲ್ಲಿ ಡ್ರೈವೇ ಇಲ್ಲ ಎನ್ನುತ್ತದೆ. ಪ್ರಾಜೆಕ್ಟ್ ಪೂರ್ತಿ ಅದರಲ್ಲಿದೆ.

ಉತ್ತರ:
ಪ್ರೊಸೆಸರ್ ಇಂಟೆಲ್ 11ನೇ ತಲೆಮಾರು ಅಥವಾ ಅದರ ನಂತರದ್ದು ಅಲ್ವಾ? ಅಂಥ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಎಸ್‌ಎಸ್‌ಡಿಯನ್ನು ನಿಭಾಯಿಸುವ ವಿಎಂಡಿ ಎಂಬ ವ್ಯವಸ್ಥೆ ಆನ್ ಇರುತ್ತದೆ. ಅದರ ಡ್ರೈವರ್ ಇನ್‌ಸ್ಟಾಲರ್‌ನಲ್ಲಿ ಇಲ್ಲದಿದ್ದರೆ ಎಸ್‌ಎಸ್‌ಡಿ ಕಾಣುವುದಿಲ್ಲ. ಎಸ್‌ಎಸ್‌ಡಿ ಕೆಟ್ಟಿರಬೇಕೆಂದಿಲ್ಲ. ಆದರೆ ನಿನಗೆ ಬೇಕಾದ್ದು ಪ್ರಾಜೆಕ್ಟ್, ವಿಂಡೋಸ್ ಅಲ್ಲ. ಪೆನ್‌ಡ್ರೈವ್‌ಗೆ ಉಬುಂಟು (ವಿಂಡೋಸ್ ಬದಲಿಗೆ ಓಡುವ ಲಿನಕ್ಸ್) ಹಾಕಿ, ಇನ್‌ಸ್ಟಾಲ್ ಮಾಡದೆ "ಟ್ರೈ" ಎಂಬುದರಲ್ಲಿ ತೆರೆದು ಫೈಲ್ ಬೇರೆ ಕಡೆಗೆ ಕಾಪಿ ಮಾಡು.

ಬೀಗ ಹಾಕಿದೆ ಎಂದು ಬಂದರೆ ಅದು ಬಿಟ್‌ಲಾಕರ್, ಡ್ರೈವಿಗೆ ವಿಂಡೋಸ್ ಹಾಕುವ ಬೀಗ. ನೀನು ಹಾಕದಿದ್ದರೂ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದಾಗ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ತಾನಾಗಿಯೇ ಶುರುವಾಗುತ್ತದೆ. 48 ಅಂಕಿಯ ಕೀ ಬೇಕು. ಫೋನಿನಲ್ಲಿ ಅದೇ ಖಾತೆಗೆ ಲಾಗಿನ್ ಆಗಿ ರಿಕವರಿ ಕೀ ಎಲ್ಲಿದೆ ನೋಡು. ಆ ಕೀ ಇಲ್ಲದೆ ಯಾವ ಅಂಗಡಿಯವನಿಂದಲೂ ಆಗುವುದಿಲ್ಲ, ಆಗುತ್ತದೆ ಎಂದವನನ್ನು ನಂಬಬೇಡ. ಕೀ ಸಿಗುವವರೆಗೆ ಬಯೋಸ್‌ನಲ್ಲಿ ಏನನ್ನೂ ಬದಲಿಸಬೇಡ. ಇನ್ನೊಂದು ಮಾತು. ಎಸ್‌ಎಸ್‌ಡಿಯಲ್ಲಿ ಅಳಿಸಿದ್ದು ಹಾರ್ಡ್ ಡಿಸ್ಕಿನ ಹಾಗೆ ಉಳಿದಿರುವುದಿಲ್ಲ. ಅಳಿಸಿದ ಜಾಗವನ್ನು ಟ್ರಿಮ್ ಎಂಬ ವ್ಯವಸ್ಥೆ ಬೇಗ ಗುಡಿಸಿಬಿಡುತ್ತದೆ.

ಪ್ರಶ್ನೆ (ಗೃಹಿಣಿ, ಬದಿಯಡ್ಕ):
ನಮ್ಮ ಡಿಸ್ಕಿನಲ್ಲಿ ಟಕ್ ಟಕ್ ಸದ್ದೇ ಬರುವುದು. ಮಗಳ ಸಣ್ಣವಳಿದ್ದಾಗಿನ ಫೋಟೊ ಎಲ್ಲ ಅದರಲ್ಲಿ. ಫ್ರಿಜ್ಜಿನಲ್ಲಿಟ್ಟರೆ ಒಮ್ಮೆ ಓಡುತ್ತದೆ ಎಂದು ಒಬ್ಬರು ಹೇಳಿದರು. ಇನ್ನೊಬ್ಬರು ಅದೇ ಮಾಡೆಲ್‌ನ ಬೋರ್ಡ್ ಬದಲಿಸುತ್ತೇನೆ ಎಂದರು.

ಉತ್ತರ:
ಅಕ್ಕ, ಎರಡೂ ಬೇಡ. ಫ್ರಿಜ್ಜಿನಿಂದ ಹೊರಗೆ ತೆಗೆದ ಕೂಡಲೇ ಲೋಟದ ಮೇಲೆ ನೀರು ಕೂರುವ ಹಾಗೆ ಡಿಸ್ಕಿನ ಒಳಗೂ ಕೂರುತ್ತದೆ. ನಮ್ಮ ಊರಿನ ತೇವಕ್ಕೆ ಕೇಳುವುದೇ ಬೇಡ. ಬೋರ್ಡಿನ ವಿಷಯ ಹೇಗೆಂದರೆ, ಪ್ರತಿ ಡಿಸ್ಕಿಗೆ ಅದರದ್ದೇ ಅಳತೆಗಳು ಬೋರ್ಡಿನ ಒಂದು ಚಿಪ್ಪಿನಲ್ಲಿ ಇರುತ್ತವೆ. ಮಾಡೆಲ್ ಒಂದೇ ಆದರೂ ಆ ಅಳತೆ ಬೇರೆ. ಸುಮ್ನೆ ಬೋರ್ಡ್ ಬದಲಿಸಿದರೆ ಓಡುವುದಿಲ್ಲ. ಟಕ್ ಟಕ್ ಸದ್ದಿಗೆ ಹೆಚ್ಚಾಗಿ ಹೆಡ್ ಕಾರಣ, ಬೋರ್ಡ್ ಅಲ್ಲ.

ಡಿಸ್ಕ್ ತೆರೆದು ಹೆಡ್ ಸರಿ ಮಾಡುವ ಕೆಲಸ ನಾನು ಮಾಡುವುದಿಲ್ಲ. ಧೂಳಿಲ್ಲದ ಕ್ಲೀನ್ ರೂಮ್ ಬೇಕು, ಅದು ನನ್ನಲ್ಲಿಲ್ಲ. ಬೆಂಗಳೂರಿನಲ್ಲಿ ಅಂಥ ಲ್ಯಾಬ್‌ಗಳು ಇವೆ. ಕಳಿಸುವ ಮೊದಲು ಫೋನಿನಲ್ಲಿ ಕೇಳಿ: ಪರೀಕ್ಷೆಗೆ ಎಷ್ಟು, ಡಾಟಾ ಸಿಗದಿದ್ದರೆ ಎಷ್ಟು, ದುಡ್ಡು ಕೊಡುವ ಮೊದಲು ಸಿಕ್ಕಿದ ಫೈಲುಗಳ ಪಟ್ಟಿ ತೋರಿಸುತ್ತೀರಾ ಎಂದು. ಖರ್ಚು ಜಾಸ್ತಿಯೇ, ಸಾವಿರಗಟ್ಟಲೆ ಆಗುತ್ತದೆ. ಮನೆಯಲ್ಲಿ ಮಾತಾಡಿ ನಿರ್ಧಾರ ಮಾಡಿ. ನಿರ್ಧಾರ ತಡವಾದರೂ ತೊಂದರೆ ಇಲ್ಲ, ಆನ್ ಮಾಡದೆ ಒಣ ಜಾಗದಲ್ಲಿ ಇಟ್ಟುಬಿಡಿ. ಸ್ಕ್ರೂ ಬಿಚ್ಚಿ ಮುಚ್ಚಳ ಮಾತ್ರ ಯಾರೂ ತೆರೆಯಬಾರದು. ಅಷ್ಟು ನೋಡಿಕೊಳ್ಳಿ. ಮತ್ತೆ, ಅದರ ನಡುವೆ ಸಂಬಂಧಿಕರ ವಾಟ್ಸಾಪ್‌ನಲ್ಲಿ ಆ ಫೋಟೊಗಳನ್ನು ಹುಡುಕಿ. ನೀವೇ ಕಳಿಸಿದ್ದು ಅತ್ತೆ, ಚಿಕ್ಕಮ್ಮನ ಫೋನಿನಲ್ಲಿ ಉಳಿದಿರಬಹುದು.

ಪ್ರಶ್ನೆ (ಪೆರ್ಲದ ಅಧ್ಯಾಪಕರು, ನಾಲ್ಕು ದಿನದ ನಂತರ):
ಡಿಸ್ಕ್ ಕೊಟ್ಟು ಬಂದಿದ್ದೆ. ನೀವು ನಿನ್ನೆ ಕಳಿಸಿದ ಪ್ರತಿ ಸಿಕ್ಕಿತು, ತುಂಬ ಉಪಕಾರವಾಯಿತು. ರಾತ್ರಿ ಎರಡು ಗಂಟೆವರೆಗೆ ಕೂತು ಕೇಳಿದೆ. ಆದರೆ ನುಡಿಯ ಫೈಲ್ ತೆರೆದರೆ ಎಲ್ಲ ಇಂಗ್ಲಿಷ್ ಅಕ್ಷರ, ತಲೆಯ ಮೇಲೆ ಚುಕ್ಕಿ, ಗೀಟು. ಕೆಟ್ಟುಹೋಯಿತಾ?

ಉತ್ತರ:
ಕೆಟ್ಟಿಲ್ಲ ಮಾಷ್ಟ್ರೇ. ಹಳೆಯ ನುಡಿಯಲ್ಲಿ ಟೈಪ್ ಮಾಡಿದ್ದು ಯೂನಿಕೋಡ್ (ಈಗ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ವ್ಯವಸ್ಥೆ) ಅಲ್ಲ. ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ ಫಾಂಟ್ ಅದು. ಈಗಿನ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲ, ಅದಕ್ಕೆ ಹಾಗೆ ಕಾಣುವುದು. ನುಡಿ ಇನ್‌ಸ್ಟಾಲ್ ಮಾಡಿ, ಕನ್ನಡ ಬರುತ್ತದೆ. ಆಮೇಲೆ ನಿಧಾನಕ್ಕೆ ಯೂನಿಕೋಡ್‌ಗೆ ಬದಲಿಸಿ ಇಡಿ. ಇಲ್ಲದಿದ್ದರೆ ಹತ್ತು ವರ್ಷ ಬಿಟ್ಟು ಇದೇ ಪ್ರಶ್ನೆ ಬರುತ್ತದೆ.

ಉಳಿದವರಿಗೂ ತಿಳಿಯಲಿ ಎಂದು ನಡೆದದ್ದು ಹೇಳುತ್ತೇನೆ. ಪಟ್ಟಿ ಕೇಬಲ್ ಒಂದು ಕಡೆ ಒಡೆದಿತ್ತು. ಹೊರಗೆ ಕೇಸಿನಲ್ಲಿ ಹಾಕಿದ ಕೂಡಲೇ ಡಿಸ್ಕ್ ಕಂಡಿತು. ಆದರೆ ಕಾಪಿ ಮಾಡುವಾಗ ಅಲ್ಲಲ್ಲಿ ನಿಲ್ಲುತ್ತಿತ್ತು. ಹಾಗಾಗಿ ಫೈಲ್ ಫೈಲಾಗಿ ಎಳೆಯದೆ ಇಡೀ ಡಿಸ್ಕನ್ನೇ ಪ್ರತಿ ಮಾಡುವ ಲಿನಕ್ಸ್‌ನ ಡಿಡಿರೆಸ್ಕ್ಯೂ ಎಂಬ ಪ್ರೋಗ್ರಾಂ ಹಾಕಿದೆ. ಅದು ಓದಲು ಸುಲಭ ಇರುವ ಜಾಗವನ್ನೆಲ್ಲ ಮೊದಲು ತೆಗೆದುಕೊಳ್ಳುತ್ತದೆ, ಹಟ ಮಾಡುವ ಜಾಗಕ್ಕೆ ಕೊನೆಗೆ ಬರುತ್ತದೆ. ಎಲ್ಲಿಯವರೆಗೆ ಓದಿತು ಎಂದು ಬರೆದಿಡುತ್ತದೆ, ಕರೆಂಟು ಹೋದರೂ ಅಲ್ಲಿಂದಲೇ ಮುಂದುವರಿಸಬಹುದು. ಗಟ್ಟಿ ಡಿಸ್ಕ್ ಆಗಿದ್ದರೆ ಎರಡು ಗಂಟೆಯ ಕೆಲಸ, ಇದಕ್ಕೆ ಒಂದೂವರೆ ದಿನ ಬೇಕಾಯಿತು. ಎರಡು ರೆಕಾರ್ಡಿಂಗ್‌ಗಳ ಒಳಗೆ ನಡುನಡುವೆ ಕೆಲವು ಸೆಕೆಂಡು ಹೋಗಿದೆ, ಅದು ನನ್ನಿಂದ ಆಗಲಿಲ್ಲ.

ಆ ಹಳೆಯ ಡಿಸ್ಕನ್ನು ಇನ್ನು ಬಳಸಬೇಡಿ. ಈಗಲೂ ನಿಮ್ಮಲ್ಲಿ ಇರುವುದು ಒಂದೇ ಪ್ರತಿ ಎಂದು ನೆನಪಿರಲಿ. ಶನಿವಾರ ಇನ್ನೊಂದು ಡಿಸ್ಕ್ ತನ್ನಿ, ಎರಡನೇ ಪ್ರತಿ ಮಾಡಿಕೊಡುತ್ತೇನೆ. ಅದನ್ನು ನಿಮ್ಮ ಮನೆಯಲ್ಲಿ ಇಡಬೇಡಿ, ತಂಗಿಯ ಮನೆಯಲ್ಲಿ ಇಡಿ.